ಶರಣಪ್ಪನ ಯಂತ್ರಕ್ಕೆ ನಾನು ಕೊಡಿಸಿದ ಐದು ಜೀವ

ಆಟ ಬಾರದವನಿಗೇ ಆಟದ ಬಗ್ಗೆ ಹೆಚ್ಚು ಅಭಿಪ್ರಾಯಗಳಿರುತ್ತವೆ. ನಮ್ಮ ಸೋದರಮಾವ ಜನ್ಮದಲ್ಲಿ ಒಮ್ಮೆಯೂ ಅಖಾಡಕ್ಕೆ ಇಳಿಯದೆ ಪೈಲ್ವಾನರ ಪಟ್ಟುಗಳನ್ನು ತಿದ್ದುತ್ತಿದ್ದರು. ಪೈಲ್ವಾನರು ಜಾಣರು, ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನನ್ನ ದುರದೃಷ್ಟಕ್ಕೆ ನನ್ನ ಮಾತನ್ನು ಒಬ್ಬ ಕೇಳಿಬಿಟ್ಟ.

ತೊಂಬತ್ತರ ದಶಕದ ಮೊದಲಲ್ಲಿ ಬ್ಯಾಂಕಿನ ವರ್ಗಾವಣೆಯ ಮೇಲೆ ಔರಂಗಾಬಾದಿನಲ್ಲಿದ್ದೆ. ಭಾಲ್ಕಿಯ ಶರಣಪ್ಪ, ಇನ್ನು ಯಾರ ಕೈಕೆಳಗೂ ದುಡಿಯಬಾರದೆಂದು ಚಿಕಲಠಾಣಾದ ಕಾರ್ಖಾನೆ ಕೆಲಸ ಬಿಟ್ಟು, ನಮ್ಮ ಓಣಿಯ ತುದಿಯಲ್ಲಿ ವೀಡಿಯೋ ಗೇಮ್ ಅಂಗಡಿ ತೆರೆದಿದ್ದ. ಇದ್ದದ್ದು ಎರಡೇ ಯಂತ್ರ. ವಾರಕ್ಕೊಮ್ಮೆ ನಾನು ತರಕಾರಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಒಂದು ನಾಣ್ಯ ಹಾಕುತ್ತಿದ್ದೆ. ಚೀಲ ನೆಟ್ಟಗೆ ನಿಲ್ಲುವುದರೊಳಗೆ ಪರದೆಯ ಮೇಲಿನ ನನ್ನ ವಿಮಾನದ ಮೂರೂ ಜೀವ ಹೋಗಿರುತ್ತಿದ್ದವು.

“ಇಷ್ಟು ಕಠಿಣ ಇದ್ರ ನಮ್ಮಂಥವರು ಯಾಕ ಬರ್ತಾರಪ್ಪ? ಸ್ವಲ್ಪ ಸುಲಭ ಮಾಡು, ಸಂಸಾರಸ್ಥರೂ ಬರ್ತಾರ,” ಎಂದೆ.

“ಹಿಂದ ಸ್ವಿಚ್ ಅವ್ರಿ. ಮಾಡ್ಲೇನ್ರಿ ಸಾಹೇಬ್ರ?”

“ಮಾಡು, ಮಾಡು.”

ಬ್ಯಾಂಕಿನ ಸಾಹೇಬರು, ಅದರಲ್ಲೂ ಕನ್ನಡದವರು ಹೇಳಿದ ಮೇಲೆ ಮುಗಿಯಿತು. ಮರುದಿನವೇ ಆಟ ನಿಧಾನವಾಯಿತು, ಮೂರು ಜೀವ ಐದಾದವು. ಮನೆಯಲ್ಲಿ ಕೊಚ್ಚಿಕೊಂಡಾಗ ನನ್ನಾಕೆ, “ಬ್ಯಾಂಕಿನ್ಯಾಗ ಯಾರೂ ನಿಮ್ಮ ಮಾತು ಕೇಳೂದಿಲ್ಲ ಅಂತ ಆ ಬಡಪಾಯಿಗೆ ಬುದ್ಧಿ ಹೇಳಿ ಬಂದ್ರೇನು?” ಎಂದಳು.

ಐದು ಜೀವ ನನಗೆ ಐದು ನಿಮಿಷವಾದರೆ, ಕೈ ಪಳಗಿದ ಕಾಲೇಜು ಹುಡುಗರಿಗೆ ಒಂದಿಡೀ ಮಧ್ಯಾಹ್ನ ಎಂಬುದು ಹೊಳೆಯಲೇ ಇಲ್ಲ. ಒಂದೇ ನಾಣ್ಯ ಹಾಕಿ ಅವರು ಯಂತ್ರಕ್ಕೆ ಅಂಟಿ ನಿಂತರು. ಸಂಸಾರಸ್ಥರು ಬಂದರು, ಇಣುಕಿದರು, ಮರಳಿದರು. ನಾನೂ ಕಾದು ಬೇಸತ್ತು, ತರಕಾರಿಗೆ ಬೇರೆ ದಾರಿ ಹಿಡಿದೆ. ಶರಣಪ್ಪ ಮತ್ತೆ ಮೊದಲಿನಂತೆ ಕಠಿಣ ಮಾಡಿದಾಗ ಹುಡುಗರು ಮುನಿಸಿಕೊಂಡು ಇನ್ನೊಂದು ಅಂಗಡಿ ಸೇರಿದರು.

ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ, ಸೈಕಲ್ಲಿಗೆ ಬುತ್ತಿ ಡಬ್ಬಿ ಸಿಕ್ಕಿಸಿಕೊಂಡು ಮತ್ತೆ ಚಿಕಲಠಾಣಾದ ಕಾರ್ಖಾನೆ ಕಡೆಗೆ ಹೊರಟ ಶರಣಪ್ಪ ಎದುರಾದ. ನನ್ನನ್ನು ಕಂಡು ಇಳಿದ. ಅವನ ಮರ್ಯಾದೆಯೇ ನನಗೆ ಚುಚ್ಚಿತು.

“ಅಂಗಡಿ ಮುಚ್ಚಿದ್ನಿರಿ ಸಾಹೇಬ್ರ. ನೀವು ಒಳ್ಳೇದಕ್ಕ ಹೇಳಿದ್ರಿ. ಆದ್ರ ಮುಂದ ನೀವ ಬರಲಿಲ್ಲಲ್ರೀ.”

ಬಯ್ದಿದ್ದರೆ ಉತ್ತರ ಕೊಡುತ್ತಿದ್ದೆ. ಬ್ಯಾಂಕಿಗೆ ಹೊತ್ತಾಯಿತೆಂದು ಗಡಿಯಾರ ನೋಡಿಕೊಂಡು ಹೊರಟೆ.

ನಾಸಿಕ್‌ಗೆ ವರ್ಗವಾದ ಮೇಲೆ ಅಲ್ಲೂ ಒಂದು ಆಟದ ಅಂಗಡಿ ಹೊಕ್ಕು ಅರ್ಧ ನಿಮಿಷದಲ್ಲಿ ಸೋತೆ. ಮಾಲೀಕ ಪಾಪ, ಸುಲಭ ಮಾಡಲೇ ಎಂದು ಮರಾಠಿಯಲ್ಲಿ ಕೇಳಿದ. ಬೇಡವೇ ಬೇಡ, ಇನ್ನಷ್ಟು ಕಠಿಣ ಮಾಡು, ಎಂದು ಗಂಭೀರವಾಗಿ ಹೇಳಿ ಹೊರಬಂದೆ. ಅದೂ ಒಂದು ಸಲಹೆಯೇ ಎಂದು ಹೊಳೆದದ್ದು ಮನೆ ಮುಟ್ಟಿದ ಮೇಲೆ. ಅವನೇನು ಮಾಡಿದನೋ ತಿಳಿಯದು. ಆ ಅಂಗಡಿಗೂ ನಾನು ಮತ್ತೆ ಹೋಗಲಿಲ್ಲ.