ಶುಕ್ರವಾರ ತಿಂದ ಚೆಂಡು

ಗಲ್ಫಿನಲ್ಲಿ ಮ್ಯಾನೇಜರನಿಗೆ ಹಿಡಿದ ಹುಚ್ಚು ಕೊನೆಗೆ ಸ್ಟಾಫಿನ ತಲೆಗೇ ಬರುತ್ತದೆ. ಇದು ನಡೆಯುತ್ತಲೇ ಇರುತ್ತದೆ. ಎಂಬತ್ತರ ದಶಕದ ಕೊನೆಗೆ ವಾದಿ ಅದಾಯ್‌ನ ನಮ್ಮ ಪಂಪು ಮಾರುವ ಕಂಪೆನಿಗೆ ಮ್ಯಾನೇಜರ್ ಆಗಿ ಬಂದ ಅಮೆರಿಕನ್ನನಿಗೆ ಫುಟ್‌ಬಾಲ್ ಹುಚ್ಚು. ಕಾಲಲ್ಲಿ ಒದೆಯುವುದಲ್ಲ, ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಎಸೆಯುವ ಅವರ ದೇಶದ ಫುಟ್‌ಬಾಲ್.

ಪಾಠ

ಅದನ್ನು ನಮಗೆಲ್ಲ ಕಲಿಸಲು ಅವನು ಆರಿಸಿದ್ದು ಶುಕ್ರವಾರ. ನಮಗಿದ್ದದ್ದೇ ಅದೊಂದು ರಜೆ! ಹೆಂಡತಿ, ಮಗಳು ಊರಿಂದ ಬಂದು ಇನ್ನೂ ವರ್ಷವಾಗಿರಲಿಲ್ಲ. ಕಡಲ ದಂಡೆಯ ಸೂರ್ ಪಟ್ಟಣಕ್ಕೆ ಕರೆದೊಯ್ದು ಮರದ ಹಡಗು ಕಟ್ಟುವುದನ್ನು ತೋರಿಸುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದೆ. ಬೆಳಿಗ್ಗೆ ಚಹಾ ಕುಡಿಯುವಷ್ಟರಲ್ಲಿ ಕೆಳಗೆ ಅವನ ಪಿಕಪ್ಪಿನ ಹಾರ್ನು.

ಅಲ್ ಅಮೇರಾತ್ ಕಡೆಯ ಜಲ್ಲಿಕಲ್ಲಿನ ಬಯಲಿನಲ್ಲಿ ಪಾಠ. ದೂರಕ್ಕೆ ಎಸೆಯಬಾರದು. ಎಸೆಯುವವನು ಮೂರು ಹೆಜ್ಜೆ ಹಿಂದೆ ಸರಿದು, ಮೂರನೆಯದಕ್ಕೇ ಚೆಂಡು ಬಿಡಬೇಕು. ಹಿಡಿಯುವವನು ಅಡ್ಡಕ್ಕೆ ಓಡುತ್ತಿರುತ್ತಾನೆ. ಎಸೆಯಬೇಕಾದದ್ದು ಅವನು ಇರುವಲ್ಲಿಗಲ್ಲ, ಬಂದು ತಲುಪುವ ಜಾಗಕ್ಕೆ. ನಾಲ್ಕು ಸಲದಲ್ಲಿ ಹತ್ತು ಗಜ ಸಾಗಿದರೆ ಮತ್ತೆ ನಾಲ್ಕು ಅವಕಾಶ. ಹೀಗೆ ಚೂರು ಚೂರೇ ಮುಂದೆ ಹೋಗಿ ಎದುರಿನವರ ಗೆರೆ ದಾಟುವುದು. ಕೈಗೆ ಬಂದದ್ದನ್ನು ತಕ್ಷಣ ಇನ್ನೊಬ್ಬನ ತಲೆಗೆ ಕಟ್ಟುವ ಈ ವಿದ್ಯೆಯನ್ನು ನಾವು ಆಫೀಸಿನ ಫೈಲುಗಳಲ್ಲಿ ದಿನವೂ ಮಾಡುತ್ತೇವೆ. ಬಿಸಿಲಲ್ಲಿ ನಿಂತು ಕಲಿಯಬೇಕಾ?

ಮಧ್ಯಾಹ್ನ ಸುಟ್ಟ ಮುಖ ಹೊತ್ತು ಮನೆಗೆ ಬಂದರೆ ಹೆಂಡತಿ ಹೇಳಿದಳು: "ಆ ಚೆಂಡಿಗೇ ಒಂದು ಫ್ಯಾಮಿಲಿ ವೀಸಾ ಮಾಡಿಸಿ. ನಾವು ಊರಿಗೆ ಹೋಗ್ತೇವೆ."

ಮುಟ್ಟಿದರೆ ಸಾಕು

ಚೆಂಡು ಹಿಡಿದು ಓಡುವವನನ್ನು ಕೆಡವಿ ತಡೆಯುವುದು ಅಸಲು ಆಟ. ಹಾಗೆ ಕೆಡವಿದರೆ ಯಾರದಾದರೂ ಕೈಕಾಲು ಮುರಿದೀತೆಂದು ಮ್ಯಾನೇಜರ್ ನಿಯಮ ಸಡಿಲಿಸಿದ: ಚೆಂಡು ಹಿಡಿದವನನ್ನು ಎದುರಿನವರು ಮುಟ್ಟಿದರೆ ಸಾಕು, ಅವನು ನಿಲ್ಲಬೇಕು.

ನಮ್ಮ ಸ್ಟೋರ್‌ಕೀಪರ್ ಉಡುಪಿ ಕಡೆಯವನು, ಹಳೇ ಕಬಡ್ಡಿ ಆಟಗಾರ. ಮುಟ್ಟುವ ಮಾತು ಕಿವಿಗೆ ಬಿದ್ದದ್ದೇ ಅವನ ಮೈ ಕುಣಿಯಿತು. ನಾನು ಎಸೆದ ಚೆಂಡನ್ನು ಕಂಕುಳಲ್ಲಿ ಒತ್ತಿಕೊಂಡು, ಉಸಿರು ಬಿಗಿಹಿಡಿದು ಎದುರಿನವರೊಳಗೆ ನುಗ್ಗಿದ. ಮೂವರನ್ನು ಅವನೇ ಹುಡುಕಿ ಹುಡುಕಿ ಮುಟ್ಟಿದ. ಆಮೇಲೆ ತಿರುಗಿ ನಮ್ಮ ಕಡೆಗೇ ಓಡಿ ಬಂದು ಗೆರೆ ದಾಟಿ ಬಿದ್ದ.

ಮ್ಯಾನೇಜರ್ ಟೋಪಿ ಕಿತ್ತು ನೆಲಕ್ಕೆ ಬಡಿದ. ಸ್ಟೋರ್‌ಕೀಪರ್ ಏದುಸಿರು ಬಿಡುತ್ತಾ ನನ್ನನ್ನು ಕೇಳಿದ: "ಎಂತ ಮಾರಾಯ್ರೆ, ಆ ಮೂವರು ಇನ್ನೂ ಹೊರಗೆ ಹೋಗ್ಲಿಲ್ಲ?"

ಸರ್, ಎಸೀಲಾ?

ನಮ್ಮ ಅಕೌಂಟೆಂಟ್ ಮಂಗಳೂರಿನ ಹಿರಿಯರು. ಅವರ ಮುಂದೆ ಕುರ್ಚಿ ಎಳೆಯುವಾಗಲೂ ನಾವು ಸದ್ದು ಮಾಡುತ್ತಿರಲಿಲ್ಲ. ಒಂದು ಸಲ ಹಿಡಿಯುವ ಸರದಿ ಅವರದಾಯಿತು. ಪದ್ಧತಿಯ ಪ್ರಕಾರ ಅವರು ತಿರುಗಿ ನೋಡುವ ಮೊದಲೇ ಚೆಂಡು ಹೊರಡಬೇಕು. ಹಿರಿಯರ ಬೆನ್ನಿಗೆ ಎಸೆಯುವುದು ಹೇಗೆ? "ಸರ್, ಎಸೀಲಾ?" ಎಂದು ಕೇಳಿದೆ. ಎದುರಿನವರೆಲ್ಲ ಅವರ ಕಡೆ ಓಡಿದರು. ನಾಲ್ವರ ನಡುವೆ ಸಿಕ್ಕಿಕೊಂಡ ಅವರು ಗಂಭೀರವಾಗಿ ಹೇಳಿದರು: "ಹಾಂ, ಈಗ ಎಸೀರಿ."

"ಕೇಳಬೇಡ! ಎಸಿ!" ಎಂದು ಮ್ಯಾನೇಜರ್ ಕಿರುಚಿದ. ಮುಂದಿನ ಸಲ ಕೇಳಲಿಲ್ಲ. ಚೆಂಡು ನೇರ ಅವರ ಕಿವಿಗೆ ಬಡಿಯಿತು. ಅವರು ಕನ್ನಡಕ ಹೆಕ್ಕಿಕೊಂಡು ಅಂದರು: "ಒಂದು ಮಾತು ಕೇಳಬಹುದಿತ್ತು ನೀವು."

ಪಂದ್ಯ

ಇನ್ನೊಂದು ಕಂಪೆನಿಯ ಅಮೆರಿಕನ್ನನೂ ಇದೇ ರೋಗದವನು. ಎರಡು ಕಂಪೆನಿಗಳ ನಡುವೆ ಪಂದ್ಯ ನಿಗದಿಯಾಯಿತು. "ಗೆದ್ದರೆ ಶುಕ್ರವಾರದ ಪ್ರಾಕ್ಟೀಸ್ ಖಲಾಸ್," ಎಂದ ನಮ್ಮವನು. ಮಗಳಿಗೆ ಹೇಳಿದೆ: "ಇದೊಂದು ಗೆದ್ದರೆ ಬರುವ ವಾರ ಸೂರ್."

ಎರಡೂ ಕಡೆ ಅಂಕ ಸಮಸಮ. ಕೊನೆಯ ಅವಕಾಶ. ಗೆರೆಗೆ ಐದು ಗಜ. ಗೆರೆಯ ಆಚೆ ನಿಂತ ಮ್ಯಾನೇಜರ್ ನನ್ನನ್ನು ನೋಡಿ ಬೊಬ್ಬೆ ಹಾಕುತ್ತಿದ್ದ: "ಯಲ್ಲಾ, ಬೇಗ! ನಿದ್ದೆ ಮಾಡ್ತಿದ್ದೀಯಾ? ಮನೆಯಲ್ಲಿ ಮಲಗಬೇಕಿತ್ತು!"

ಮನೆಯಲ್ಲಿ ಮಲಗಬೇಕಿತ್ತಂತೆ! ನನ್ನ ಪಿತ್ತ ನೆತ್ತಿಗೇರಿತು. ಒಂದು, ಎರಡು, ಮೂರು ಹೆಜ್ಜೆ ಹಿಂದೆ ಸರಿದೆ. ಪದ್ಧತಿ ಮರೆತೆ, ಪಂದ್ಯ ಮರೆತೆ. ಅವನ ಮೂಗಿಗೆ ಗುರಿಯಿಟ್ಟು ಇದ್ದ ಬದ್ದ ಬಲವೆಲ್ಲ ಹಾಕಿ ಬೀಸಿದೆ.

ಅಷ್ಟರಲ್ಲಿ ಅಡ್ಡಕ್ಕೆ ಓಡಿ ಬಂದ ಅಕೌಂಟೆಂಟ್, ಕಿವಿ ಉಳಿಸಿಕೊಳ್ಳಲು ಎರಡೂ ಕೈ ಮೇಲೆತ್ತಿದರು. ಚೆಂಡು ಕೈಯಲ್ಲಿ ಕೂತಿತು. ಅವರು ಗೆರೆಯ ಆಚೆ ಇದ್ದರು. ಗೆದ್ದೆವು!

ಮ್ಯಾನೇಜರ್ ಕಣ್ಣೀರಿಡುತ್ತಾ ನನ್ನನ್ನು ಅಪ್ಪಿಕೊಂಡ. "ಇದೇ! ಇದನ್ನೇ ನಾನು ಹೇಳುತ್ತಿದ್ದದ್ದು! ಅವನು ಬರುವ ಮೊದಲೇ ಎಸೆದೆ! ಉಳಿದವರಿಗೆ ಶುಕ್ರವಾರ ರಜೆ. ಇಂಥ ಕೈಗೆ ತುಕ್ಕು ಹಿಡಿಯಬಾರದು, ನೀನೊಬ್ಬ ಬಾ. ನಾನೇ ಅಲ್ಲಿ ನಿಲ್ಲುತ್ತೇನೆ. ಇವತ್ತಿನ ಹಾಗೇ ಜೋರಾಗಿ ನನ್ನ ಕಡೆಗೇ ಎಸಿ."

ಮನೆಗೆ ಬಂದು, ಸೂರ್ ಮತ್ತೆ ಮುಂದಕ್ಕೆ ಹೋಯಿತೆಂದಾಗ ಮಗಳು ಅಳಲು ಶುರು ಮಾಡಿದಳು. ಯಾಕೆಂದು ಎಲ್ಲ ವಿವರವಾಗಿ ಹೇಳಿದೆ. ಅಳು ನಿಂತಿತು.

"ಪಪ್ಪಾ, ಹೀ ವಿಲ್ ಜಸ್ಟ್ ಸ್ಟ್ಯಾಂಡ್ ದೇರ್?"

"ಹೌದು ಮಗಾ."

"ಕ್ಯಾನ್ ಐ ಥ್ರೋ ಟೂ?"

ಆ ಶುಕ್ರವಾರ ಹಾರ್ನ್ ಕೇಳುವ ಮೊದಲೇ ಅಪ್ಪ, ಮಗಳು ಇಬ್ಬರೂ ಷೂ ಕಟ್ಟಿಕೊಂಡು ಕೆಳಗೆ ನಿಂತಿದ್ದೆವು.