ಲಿಫ್ಟಿಲ್ಲದ ಬಡಾವಣೆ

ಆ ದಿನದ ಪಡಿಪಾಟಲಿಗೆಲ್ಲ ಕಾರಣ ಒಂದು ಅಂಗಿ. ಅದು ಹರಿದಿರಲಿಲ್ಲ, ಕೊಳೆಯಾಗಿರಲಿಲ್ಲ. ಒಗೆದು ಇಸ್ತ್ರಿ ಮಾಡಿದ ಒಳ್ಳೆಯ ನೀಲಿ ಅಂಗಿಯೇ. ಬೆನ್ನ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ಲಿಫ್ಟ್ ಕಂಪನಿಯ ಹೆಸರಿತ್ತು, ಅಷ್ಟೇ. ಬೇರೆ ಅಂಗಿಗಳೆಲ್ಲ ಮನೆಸಾಮಾನಿನ ಜೊತೆ ಲಾರಿಯಲ್ಲಿ ಬರುತ್ತಿದ್ದವು. ಮನೆ ಹುಡುಕಲು ಹೊರಟವನ ಬೆನ್ನನ್ನು ಯಾರು ಓದುತ್ತಾರೆ ಎಂದುಕೊಂಡು ಲಿಫ್ಟಣ್ಣ ಅದನ್ನೇ ತೊಟ್ಟು ಹೊರಟ.

ಲಿಫ್ಟಣ್ಣ ಎಂಬುದು ಹಳೆಯ ಊರಿನವರು ಇಟ್ಟ ಹೆಸರು. ಲಿಫ್ಟ್ ರಿಪೇರಿ ಅವನ ಕಸುಬು. ಅಲ್ಲಿ ಅವನು ಸಂಸಾರ ಹೂಡಿದ್ದು ಐದು ಮಹಡಿಯ ಕಟ್ಟಡದಲ್ಲಿ. ಅಕ್ಕಪಕ್ಕದ ನಾಲ್ಕು ಕಟ್ಟಡಗಳಲ್ಲೂ ಲಿಫ್ಟುಗಳಿದ್ದವು, ಅವೆಲ್ಲ ಸರಿಯಾಗಿ ಇವನು ತಟ್ಟೆಯ ಮುಂದೆ ಕೂತ ಗಳಿಗೆಗೇ ಕೆಡುತ್ತಿದ್ದವು. ಮಗಳ ಹುಟ್ಟುಹಬ್ಬದ ದಿನ ಕೇಕ್ ಕತ್ತರಿಸಬೇಕು ಅನ್ನುವಷ್ಟರಲ್ಲಿ ಬಾಗಿಲು ಬಡಿದಿತ್ತು. ಇವನು ಹೋಗಿ ಬರುವ ಹೊತ್ತಿಗೆ ಮಗು ಕೆನ್ನೆಗೆ ಕೆನೆ ಮೆತ್ತಿಕೊಂಡು ನಿದ್ದೆ ಹೋಗಿತ್ತು. ಅವತ್ತು ಹೆಂಡತಿ ಇವನ ಪಾಲಿನ ಕೇಕನ್ನು ತಟ್ಟೆಯಲ್ಲಿ ಮುಚ್ಚಿಟ್ಟು ದೀಪ ಆರಿಸಿದಳು. ಬೈದಿದ್ದರೇ ವಾಸಿಯಿತ್ತು.

ಹಾಗಾಗಿ ಮಹಾನಗರಕ್ಕೆ ವರ್ಗವಾದಾಗ ಅವಳು ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

"ಅಲ್ಲಿ ನಿಮ್ಮ ಕೆಲಸ ಏನು ಅಂತ ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು. ಲಿಫ್ಟೇ ಇಲ್ಲದ ಏರಿಯಾ ನೋಡಿ. ಊಟದ ಮಧ್ಯೆ ಒಂದೇ ಒಂದು ಸಲ ಎದ್ದು ಹೋದ್ರೋ, ನಾನು ಮಕ್ಕಳನ್ನ ಕರ್ಕೊಂಡು ಅಮ್ಮನ ಮನೆಗೆ. ತಮಾಷೆ ಅಲ್ಲ ರೀ."

"ಅಷ್ಟೇ ತಾನೆ? ನಾನಿಲ್ವಾ?" ಅಂದಿದ್ದ ಲಿಫ್ಟಣ್ಣ.

ಈ 'ನಾನಿಲ್ವಾ' ಅನ್ನುವ ಮಾತು ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಮಹಾನಗರಕ್ಕೆ ಮುಂಚೆಯೇ ಬಂದು ಸಹೋದ್ಯೋಗಿಯ ಕೋಣೆಯಲ್ಲಿ ಎರಡು ವಾರ ಕಳೆದ. ಮನೆ ಮಾತ್ರ ನೋಡಲಿಲ್ಲ. ಅಷ್ಟು ದೊಡ್ಡ ಊರಲ್ಲಿ ಒಂದು ಮನೆ ಸಿಗುವುದೇನು ಮಹಾ ಎಂಬ ಧೈರ್ಯ. ಕಡೆಗೆ ಆ ಬೆಳಗ್ಗೆ ಹೆಂಡತಿಯ ಫೋನು ಬಂತು.

"ಲಾರಿ ಹೊರಡ್ತು. ಅದ್ರಲ್ಲೇ ನಾವೂ ಬರ್ತಿದೀವಿ. ಸಾಯಂಕಾಲಕ್ಕೆ ಅಲ್ಲಿರ್ತೀವಿ. ಮನೆ ಸಿಕ್ತು ತಾನೆ?"

"ಸಿಕ್ಕ ಹಾಗೇ ಲೆಕ್ಕ. ಬೀಗದ ಕೈ ಇಸ್ಕೊಳ್ಳೋದೊಂದು ಬಾಕಿ."

"ಯಾವ ಏರಿಯಾ?"

"ಅದೊಂದು ನೋಡ್ಬೇಕು," ಎಂದು ಬಾಯಿ ತಪ್ಪಿ ಅಂದುಬಿಟ್ಟು, ಅವಳು ಮುಂದಿನ ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಫೋನಿಟ್ಟ.

ಮನೆ ತೋರಿಸುವ ಬ್ರೋಕರ್ ಸ್ಕೂಟರ್ ತಂದಿದ್ದ. ಅವನ ಬಾಯಿಗೂ ಸ್ಕೂಟರಿಗೂ ಬ್ರೇಕು ಕಡಿಮೆ. ಲಿಫ್ಟಣ್ಣ ಹಿಂದೆ ಕೂತು ಅವನ ಕಿವಿಗೆ ತನ್ನ ಕಷ್ಟವನ್ನೆಲ್ಲ ತೋಡಿಕೊಂಡ: ಲಿಫ್ಟು, ಕೇಕು, ಊಟದ ತಟ್ಟೆ, ಹೆಂಡತಿಯ ಷರತ್ತು.

"ಅರ್ಥ ಆಯ್ತು ಬಿಡಿ ಸಾರ್," ಎಂದ ಬ್ರೋಕರ್. "ನಿಮಗೆ ತಕ್ಕ ಜಾಗ ನನ್ನ ತಲೇಲಿದೆ." ಹಾಗೆಂದವನು ಸೀದಾ ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಹದಿನಾಲ್ಕು ಮಹಡಿಯ ಕಟ್ಟಡದ ಮುಂದೆ.

"ಇದೇನಯ್ಯಾ ಇದು?"

"ಸುಮ್ಮನೆ ನೋಡಿ ಸಾರ್. ಒಂಬತ್ತನೇ ಮಹಡಿ, ಎಂಥಾ ಗಾಳಿ ಗೊತ್ತಾ! ನೋಡಕ್ಕೇನೂ ಖರ್ಚಿಲ್ಲ."

ಗೇಟಿನ ಸೆಕ್ಯುರಿಟಿಯವನು ಮೊದಲು ಲಿಫ್ಟಣ್ಣನ ಮುಖ ನೋಡಿದ, ಆಮೇಲೆ ಸುತ್ತ ಬಂದು ಬೆನ್ನು ನೋಡಿದ. "ಅಬ್ಬಾ, ಬಂದ್ರಾ! ಬೆಳಗ್ಗೆಯಿಂದ ಫೋನ್ ಮಾಡಿ ಮಾಡಿ ಸಾಕಾಯ್ತು!" ಎಂದವನೇ ರಟ್ಟೆ ಹಿಡಿದು ಒಳಕ್ಕೆ ಎಳೆದುಕೊಂಡು ಹೋದ.

ಒಳಗೆ ಆರನೇ ಮಹಡಿಗೂ ಏಳನೇ ಮಹಡಿಗೂ ನಡುವೆ ಒಂದು ಸೋಫಾ ಸಿಕ್ಕಿಕೊಂಡಿತ್ತು. ಸೋಫಾದ ಹಿಂದೆ ಅದರ ಯಜಮಾನ ಸಿಕ್ಕಿಕೊಂಡಿದ್ದ. ಆತ ಅಲ್ಲಿಂದಲೇ ಅಂಗಡಿಯವನನ್ನೂ, ಸೋಫಾ ಬೇಕೆಂದ ಅತ್ತೆಯನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಿದ್ದ. ಲಿಫ್ಟಣ್ಣನಿಗೆ ಓಡಿಹೋಗುವ ಮನಸ್ಸಿತ್ತು. ಆದರೆ ಲಿಫ್ಟಿನೊಳಗಿಂದ ಮನುಷ್ಯನ ದನಿ ಕೇಳಿದ ಮೇಲೆ ಅವನ ಕಾಲು ಅವನ ಮಾತು ಕೇಳುತ್ತಿರಲಿಲ್ಲ. ತಾರಸಿಯ ಮೇಲಿನ ಯಂತ್ರದ ಕೋಣೆಗೆ ಹತ್ತಿದ, ಕರೆಂಟು ತೆಗೆದ, ಬ್ರೇಕು ಸಡಿಲಿಸಿ ಕೈಯಿಂದಲೇ ಚಕ್ರ ತಿರುಗಿಸಿ, ಕಸುಬಿನವರು ರೈಲು ಅನ್ನುವ ಕಂಬಿಗಳ ಗುಂಟ ಲಿಫ್ಟನ್ನು ಗೇಣುಗೇಣಾಗಿ ಇಳಿಸಿದ. ಸೋಫಾ ಹೊರಬಂತು, ಯಜಮಾನನೂ ಬಂದ. ಎಲ್ಲವನ್ನೂ ಬ್ರೋಕರ್ ಬಾಯಿ ಬಿಟ್ಟುಕೊಂಡು ನೋಡಿದ.

ಅಷ್ಟರಲ್ಲಿ ಕಟ್ಟಡದ ಸಂಘದ ಕಾರ್ಯದರ್ಶಿ ಓಡಿಬಂದರು. "ಮನೆ ನೋಡಕ್ಕೆ ಬಂದಿದೀರಂತೆ! ಇಲ್ಲೇ ಇದ್ಬಿಡಿ. ಬಾಡಿಗೆ ನೀವು ಹೇಳಿದ್ದೇ. ಬೇಕಾದ್ರೆ ನನ್ನ ಮನೇನೇ ಬಿಟ್ಟುಕೊಡ್ತೀನಿ, ನಾನು ಭಾವಮೈದುನನ ಮನೇಲಿರ್ತೀನಿ!"

"ಯೋಚ್ನೆ ಮಾಡಿ ಹೇಳ್ತೀನಿ ಸಾರ್," ಎಂದು ಲಿಫ್ಟಣ್ಣ ಮೆಟ್ಟಿಲಿಳಿದು ಬಂದವನು ಸ್ಕೂಟರ್ ಹತ್ತಿ ಕೂತ. ಬಿಸಿಲು ಆಗಲೇ ನೆತ್ತಿಯ ಮೇಲೆ ಬಂದಿತ್ತು. ಲಾರಿ ಅರ್ಧ ದಾರಿ ದಾಟಿತ್ತು.

ಮುಂದಿನ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ, ಮರದ ಮರೆಯಲ್ಲಿ ಅಂಗಿ ಬಿಚ್ಚಿ ಒಳಗು ಹೊರಗು ಮಾಡಿ ತೊಟ್ಟ. ಅಕ್ಷರಗಳೇನೋ ಒಳಗೆ ಹೋದವು. ಆದರೆ ಹೊಲಿಗೆಯ ದಾರಗಳೆಲ್ಲ ಹೊರಗೆ ಜೋತುಬಿದ್ದು, ಅವನು ಆಸ್ಪತ್ರೆಯಿಂದ ಹೇಳದೆ ಕೇಳದೆ ಬಂದವನಂತೆ ಕಾಣುತ್ತಿದ್ದ.

"ಹೇಗಿದೀನಿ?" ಎಂದು ಕೇಳಿದ.

"ಯಾರೂ ಗುರುತು ಹಿಡಿಯಲ್ಲ ಸಾರ್," ಎಂದ ಬ್ರೋಕರ್, ಬೇರೆ ಕಡೆ ತಿರುಗಿಕೊಂಡು.

ಎರಡನೆಯ ಬಡಾವಣೆ ನೋಡಲು ಚೆನ್ನಾಗಿಯೇ ಇತ್ತು. ಶಾಲೆ ಹತ್ತಿರ, ತರಕಾರಿ ಅಂಗಡಿ ಹತ್ತಿರ, ನಾಲ್ಕು ಮಹಡಿಯ ಅಚ್ಚುಕಟ್ಟಾದ ಕಟ್ಟಡ, ಹತ್ತಲು ಮೆಟ್ಟಿಲು ಮಾತ್ರ. ಆದರೆ ಕಟ್ಟಡದ ಮಾಲೀಕರಿಗೆ ಈ ಬಾಡಿಗೆದಾರನ ಅಂಗಿಯಿಂದ ಕಣ್ಣು ಕೀಳಲಾಗಲಿಲ್ಲ.

"ಮನೇಲಿ ಹೆಂಡತಿ ಇದಾರಾ?" ಎಂದು ಮೆಲ್ಲಗೆ ಕೇಳಿದರು.

"ಬರ್ತಿದಾರೆ ಸಾರ್, ಸಾಯಂಕಾಲಕ್ಕೆ."

"ಬರ್ತಾರೆ ಬರ್ತಾರೆ. ಧೈರ್ಯವಾಗಿರಿ. ನಮ್ಮ ತಮ್ಮನ ಹೆಂಡತೀನೂ ಹಾಗೇ ಹೋಗಿದ್ಲು, ಒಂದು ವರ್ಷ ಆದ್ಮೇಲೆ ಬಂದ್ಲು," ಎಂದು ಬೆನ್ನು ಸವರಿದರು.

ಈ ಅನುಕಂಪವನ್ನು ಲಿಫ್ಟಣ್ಣ ಹೇಗೋ ನುಂಗಿಕೊಂಡ. ಆದರೆ ಮೆಟ್ಟಿಲ ಪಕ್ಕದಲ್ಲಿ ತಳದಿಂದ ತುದಿಯವರೆಗೆ ಹಲಗೆ ಹೊಡೆದು ಮುಚ್ಚಿದ ಒಂದು ಜಾಗ ಅವನ ಕಣ್ಣಿಗೆ ಬಿತ್ತು. ಹಲಗೆಯ ಸಂದಿಯಿಂದ ಇಣುಕಿದ. ಬಾವಿಯಂಥ ಖಾಲಿ ಗುಂಡಿ.

"ಇದೇನ್ ಸಾರ್ ಇಲ್ಲಿ?"

"ಓ, ಅದಾ!" ಮಾಲೀಕರ ಮುಖ ಅರಳಿತು. "ಬರೋ ತಿಂಗಳು ಲಿಫ್ಟ್ ಕೂರಿಸ್ತಾರೆ. ಸೆಕೆಂಡ್ ಹ್ಯಾಂಡು, ಆದ್ರೂ ಗಟ್ಟಿಮುಟ್ಟು. ಸ್ವಲ್ಪ ಮಧ್ಯೆ ಮಧ್ಯೆ ನಿಲ್ಲುತ್ತಂತೆ, ಅಷ್ಟೇ."

ಮಾಲೀಕರು ಆ ಮಾತು ಮುಗಿಸಿ ತಿರುಗುವಾಗ ಲಿಫ್ಟಣ್ಣ ಗೇಟು ದಾಟಿದ್ದ. ಹಿಂದೆಯೇ ಮತ್ತೆ ಹೆಂಡತಿಯ ಫೋನು. ಲಾರಿ ಊರ ಹೊರಗಿನ ಪೆಟ್ರೋಲ್ ಬಂಕಿಗೆ ಬಂದಿದೆ, ವಿಳಾಸ ಬೇಕು ಎಂದು ಡ್ರೈವರ್ ಕೂಗಾಡುತ್ತಿದ್ದಾನೆ, ಚಿಕ್ಕವನು ಮೂರನೇ ಸಲ ವಾಂತಿ ಮಾಡಿಕೊಂಡಿದ್ದಾನೆ.

"ಅರ್ಧ ಗಂಟೇಲಿ ವಿಳಾಸ ಕಳಿಸ್ತೀನಿ. ನಾನಿಲ್ವಾ?"

"ನೀವಿದೀರಲ್ಲ, ಅದಕ್ಕೇ ಭಯ," ಎಂದು ಅವಳು ಫೋನಿಟ್ಟಳು.

ಲಿಫ್ಟಣ್ಣ ಫೋನನ್ನು ಕೈಯಲ್ಲಿ ಹಿಡಿದೇ ರಸ್ತೆಯ ಅಂಚಿನಲ್ಲಿ ಕುಕ್ಕರಿಸಿದ. ಬ್ರೋಕರ್ ಅವನ ಮುಖ ನೋಡಿ, ಒಂದು ಕ್ಷಣ ಗಲ್ಲ ಕೆರೆದುಕೊಂಡು, "ಬನ್ನಿ ಸಾರ್. ಇನ್ನೊಂದು ಜಾಗ ಇದೆ. ಈಗ ತಾನೇ ಹೊಳೀತು," ಎಂದ.

ಆ ಬಡಾವಣೆಯನ್ನು ಕಂಡು ಲಿಫ್ಟಣ್ಣನಿಗೆ ಹೋದ ಜೀವ ಬಂದಂತಾಯಿತು. ಉದ್ದಕ್ಕೂ ಒಂದೇ ಬೀದಿ, ಎರಡೂ ಬದಿ ನೆರಳಿನ ಮರ, ಪುಟ್ಟ ಪುಟ್ಟ ಮನೆಗಳು. ಕೆಳಗೊಂದು ಅಂತಸ್ತು, ಮೇಲೊಂದು ಅಂತಸ್ತು, ಅಲ್ಲಿಗೆ ಮುಗಿಯಿತು. ಅವನು ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ಒಂದೊಂದು ತಾರಸಿಯನ್ನೂ ಕತ್ತು ನೋಯುವಂತೆ ನೋಡಿದ. ಎಲ್ಲೂ ಯಂತ್ರದ ಕೋಣೆಯಿಲ್ಲ. ಬರೀ ನೀರಿನ ತೊಟ್ಟಿ, ಬಟ್ಟೆ ಒಣಹಾಕುವ ಹಗ್ಗ. ಜಗಲಿಗಳ ಮೇಲೆ ವಯಸ್ಸಾದವರು ಕೂತು ಪೇಪರು ಓದುತ್ತಿದ್ದರು. ಗದ್ದಲವಿಲ್ಲ, ಅವಸರವಿಲ್ಲ.

"ಇದು ಕಣಯ್ಯಾ ಬಡಾವಣೆ ಅಂದ್ರೆ! ಬೆಳಗ್ಗೇನೇ ಯಾಕೆ ತೋರಿಸ್ಲಿಲ್ಲ?"

"ಬೆಳಗ್ಗೆ ನೀವು ಇಲ್ಲಿಗೆ ಸರಿಹೋಗ್ತೀರಿ ಅಂತ ಗೊತ್ತಿರ್ಲಿಲ್ಲ ಸಾರ್," ಎಂದ ಬ್ರೋಕರ್. "ಒಂದ್ನಿಮಿಷ ಇಲ್ಲೇ ಇರಿ, ಮನೆಯೋರ ಹತ್ರ ಮಾತಾಡ್ಕೊಂಡು ಬರ್ತೀನಿ." ಒಂದು ನಿಮಿಷ ಎಂದವನು ಬಹಳ ಹೊತ್ತು ಒಳಗೇ ಇದ್ದ.

ಮನೆಯೊಡತಿಯನ್ನು ಇಡೀ ಬೀದಿ ದೊಡ್ಡಮ್ಮ ಅನ್ನುತ್ತಿತ್ತು. ಮುಂದಿನ ಭಾಗದಲ್ಲಿ, ಕೆಳಗೂ ಮೇಲೂ, ಅವರದೇ ವಾಸ. ಬಾಡಿಗೆಗಿದ್ದದ್ದು ಹಿಂದಿನ ಭಾಗ. ನಡುವೆ ಒಂದೇ ಗೋಡೆ. ಎರಡು ಕೋಣೆ, ಬೆಳಕಿರುವ ಅಡುಗೆಮನೆ, ಮಕ್ಕಳು ಓಡಾಡಲು ಹಿತ್ತಲು. ದೊಡ್ಡಮ್ಮ ನಗುನಗುತ್ತಾ ಅವನನ್ನು ಕೂರಿಸಿ, "ಏನು ಕೆಲಸ ಮಾಡ್ಕೊಂಡಿದೀಯಪ್ಪಾ?" ಎಂದು ಕೇಳಿದರು.

ಈ ಪ್ರಶ್ನೆಗೆ ಲಿಫ್ಟಣ್ಣ ಸ್ಕೂಟರಿನ ಮೇಲೇ ಉತ್ತರ ಹುಡುಕಿಟ್ಟುಕೊಂಡಿದ್ದ. ಡಾಕ್ಟರ್ ಎಂದರೆ ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಬಡಿಯುತ್ತಾರೆ. ಮೇಷ್ಟ್ರು ಎಂದರೆ ಮಕ್ಕಳನ್ನು ತಂದು ಬಿಡುತ್ತಾರೆ. ಜಗತ್ತಿನಲ್ಲಿ ಯಾರೂ, ಯಾವ ಕಾಲಕ್ಕೂ, ಊಟದ ಮಧ್ಯೆ ಎಬ್ಬಿಸಲಾಗದ ಕಸುಬು ಒಂದಿದೆ.

"ಬಾಚಣಿಗೆ ಕಂಪನೀಲಿದೀನಿ ದೊಡ್ಡಮ್ಮ."

"ಓಹೋ, ಬಾಚಣಿಗೆ! ಒಳ್ಳೇ ಕೆಲಸ," ಎಂದು ದೊಡ್ಡಮ್ಮ ತಮ್ಮ ಯಜಮಾನರ ಕಡೆ ನೋಡಿದರು. ಅವರ ತಲೆಯಲ್ಲಿ ಬಾಚಣಿಗೆಗೆ ಕೆಲಸವಿಲ್ಲದೆ ಬಹಳ ವರ್ಷಗಳಾಗಿದ್ದವು. ಅವರಿಗೆ ಅದೇಕೋ ಕೆಮ್ಮು ಬಂದು ಒಳಗೆ ಹೋದರು.

"ಅಲ್ಲಪ್ಪಾ, ರಾತ್ರಿ ಊಟ ಬೇಗ ಮಾಡ್ತೀರೋ, ತಡವೋ?"

"ಬೇಗ ದೊಡ್ಡಮ್ಮ. ಮಕ್ಕಳಿದಾವಲ್ಲ."

"ಒಳ್ಳೇದಾಯ್ತು," ಎಂದು ಅವರು ಚೌಕಾಸಿಗೆ ಎಡೆಯೇ ಕೊಡದೆ ಬೀಗದ ಕೈಯನ್ನು ಅವನ ಕೈಯಲ್ಲಿಟ್ಟರು. ಎಷ್ಟು ಒಳ್ಳೆಯ ಜನ! ಬಾಡಿಗೆದಾರನ ಊಟದ ಹೊತ್ತನ್ನೂ ವಿಚಾರಿಸುವವರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದು ಲಿಫ್ಟಣ್ಣನಿಗೆ ಕಣ್ಣು ತೇವವಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಲಾರಿ ಬಂತು. ಹೆಂಡತಿ ಸೊಂಟದ ಮೇಲೆ ಚಿಕ್ಕವನನ್ನಿಟ್ಟುಕೊಂಡು ಇಳಿದವಳು ಮನೆಯೊಳಗೆ ಹೋಗಲಿಲ್ಲ. ಮೊದಲು ಬೀದಿಯನ್ನು ನೋಡಿದಳು. ಆ ಕಡೆಯ ಮನೆಗಳು, ಈ ಕಡೆಯ ಮನೆಗಳು, ತಾರಸಿಗಳು. ಆಮೇಲೆ ಗಂಡನನ್ನು ನೋಡಿದಳು.

"ಅಂಗಿ ಯಾಕ್ರೀ ಒಳಗು ಹೊರಗಾಗಿದೆ?"

"ಅದು ದೊಡ್ಡ ಕತೆ. ಮನೆ ಹೇಗಿದೆ ಹೇಳು."

"ಪರವಾಗಿಲ್ಲ ಕಣ್ರೀ," ಎಂದಳು. ಅವಳ ಮುಖದಲ್ಲಿ ಬಹಳ ದಿನದಿಂದ ಕಾಣದ ನಗು. "ಈ ಸಲ ನೀವು ಗೆದ್ರಿ."

ಆ ನಗು ಕಂಡು ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸಾಮಾನೆಲ್ಲ ಇಳಿಸಿ, ಕಟ್ಟಿದ ಗಂಟುಗಳ ಮಧ್ಯೆ ಚಾಪೆ ಹಾಸಿ, ನಾಲ್ವರೂ ಊಟಕ್ಕೆ ಕೂತರು. ಹೆಂಡತಿ ಡಬ್ಬಿ ಬಿಚ್ಚಿ ಬಡಿಸಿದಳು. ಮಗಳು ಅಪ್ಪನ ತೊಡೆಗೆ ಒರಗಿ ಕೂತಳು. ಬಾಗಿಲು ಬಡಿಯಲಿಲ್ಲ. ಫೋನು ಬರಲಿಲ್ಲ. ಮೂರು ತುತ್ತು, ನಾಲ್ಕು ತುತ್ತು, ಎಷ್ಟು ನಿಶ್ಚಿಂತೆಯ ತುತ್ತುಗಳು!

ಆಗ ಗೋಡೆಯೊಳಗಿಂದ ಒಂದು ಸದ್ದು ಬಂತು. ಕೀಽಽರ್... ಕೀಽರ್... ಟಕ್.

"ರೈಲಿಗೆ ಎಣ್ಣೆ ಹಾಕಿಲ್ಲ," ಎಂದಿತು ಲಿಫ್ಟಣ್ಣನ ಬಾಯಿ, ಅವನನ್ನು ಕೇಳದೆಯೇ.

ಹೆಂಡತಿಯ ಕೈ ಸೌಟಿನ ಸಮೇತ ಗಾಳಿಯಲ್ಲಿ ನಿಂತಿತು. "ಯಾವ ರೈಲಿಗೆ?"

"ಯಾವ ರೈಲೂ ಇಲ್ಲ. ಇಲಿ ಇರ್ಬೇಕು. ನೀನು ಬಡ್ಸು."

ಇಲಿ ಗಟ್ಟಿಯಾಗಿ ಮಾತಾಡಿತು. "ಅಪ್ಪಾ, ಏಳಬೇಡ ಏಳಬೇಡ!" ಎಂದಿತು ಗೋಡೆಯಾಚೆಯಿಂದ ದೊಡ್ಡಮ್ಮನ ದನಿ, ನೆಲಕ್ಕೂ ಮಾಳಿಗೆಗೂ ನಡುವೆ ಎಲ್ಲಿಂದಲೋ. "ಊಟದ ಮಧ್ಯೆ ಎದ್ರೆ ನಿನ್ನ ಹೆಂಡತಿ ತವರಿಗೆ ಹೋಗ್ತಾಳಂತಲ್ಲ, ಬ್ರೋಕರ್ ಎಲ್ಲಾ ಹೇಳಿದಾನೆ. ನಿಧಾನಕ್ಕೆ ಉಣ್ಣಪ್ಪಾ. ನಂಗೇನೂ ತೊಂದ್ರೆ ಇಲ್ಲ. ಲಿಫ್ಟೊಳಗೇ ಕುರ್ಚಿ ಹಾಕ್ಸಿದೀನಿ, ಹೆಣಿಗೆ ತಂದಿದೀನಿ. ಹೋದ ತಿಂಗಳು ಇದ್ರಲ್ಲೇ ಕೂತು ಒಂದು ಸ್ವೆಟರ್ ಮುಗಿಸ್ದೆ."

"ದೊಡ್ಡಮ್ಮಾ..." ಲಿಫ್ಟಣ್ಣ ಗೋಡೆಯ ಕಡೆ ತಿರುಗಿದ. "ನಾನು ಬಾಚಣಿಗೆ..."

"ಗೊತ್ತು ಕಣಪ್ಪಾ. ಅಷ್ಟು ಆಸೆಪಟ್ಟು ಹೇಳ್ದೆ, ಯಾಕೆ ಬೇಜಾರು ಮಾಡೋದು ಅಂತ ಸುಮ್ಮನಿದ್ದೆ. ಸೋಫಾ ಇಳಿಸ್ದೆಯಂತಲ್ಲ, ಬೀದಿಗೆಲ್ಲ ಗೊತ್ತು. ಇಲ್ಲಿ ಯಾರಿಗಪ್ಪಾ ಮಂಡಿ ನೆಟ್ಟಗಿದೆ? ಮಾಳಿಗೆ ಹತ್ತೋಕಾಗ್ದೆ ಮನೆಮನೆಗೂ ಒಂದೊಂದು ಪುಟ್ಟ ಲಿಫ್ಟ್ ಹಾಕ್ಸಿದೀವಿ, ಒಳಗೊಳಗೇ, ಬೀರು ಗಾತ್ರದ್ದು. ಹಾಕಿದೋರು ಆಮೇಲೆ ಈ ಕಡೆ ತಲೇನೇ ಹಾಕ್ಲಿಲ್ಲ."

ಹೆಂಡತಿ ಎದ್ದು, ಗೇಟಿನವರೆಗೆ ಕಾಣುವ ಪಕ್ಕದ ಕಿಟಕಿಗೆ ಹೋದಳು. ಗೇಟಿನಾಚೆ, ಇಳಿದು ಬರಬಲ್ಲವರೆಲ್ಲ ಮಡಿಸುವ ಕುರ್ಚಿ ಹಾಕಿಕೊಂಡು, ಕೋಲೂರಿಕೊಂಡು ಸಾಲಾಗಿ ಕೂತಿದ್ದರು. ಇಳಿಯಲಾರದೆ ಉಳಿದವರು ಮಾಳಿಗೆಯ ಕಿಟಕಿಗಳಲ್ಲಿ ನಿಂತಿದ್ದರು. ಒಬ್ಬ ಅಜ್ಜ ಅವಳನ್ನು ಕಂಡು ಕೈಯೆತ್ತಿ, "ಅವಸರ ಏನಿಲ್ಲಮ್ಮಾ, ಚೆನ್ನಾಗಿ ಬಡ್ಸು!" ಎಂದು ಕೂಗಿದ.

ಅವಳು ತಿರುಗಿ ಬಂದು ಕೂತಳು. ಕೋಪ ಉಕ್ಕಿ ಬಂದಿತ್ತು, ಆದರೆ ಸುರಿಯಲು ಜಾಗವಿರಲಿಲ್ಲ. ಒಂದು ಇಡೀ ಬೀದಿ ಅವಳ ಷರತ್ತನ್ನು ಅಕ್ಷರ ತಪ್ಪದೆ ಪಾಲಿಸುತ್ತಾ ಕೂತಿತ್ತು. ಇನ್ನು ಯಾವ ಮುಖ ಹೊತ್ತು ತವರಿಗೆ ಹೋಗುವುದು?

ಲಿಫ್ಟಣ್ಣ ತಲೆಯೆತ್ತದೆ ಉಂಡ. ಇನ್ನೊಂದು ಸಲ ಬಡಿಸಿಕೊಂಡ. ಮತ್ತೂ ಒಂದು ಸಲ ಬಡಿಸಿಕೊಂಡ. ಮಗಳ ತಟ್ಟೆಯಲ್ಲಿ ಉಳಿದದ್ದನ್ನೂ ಕೇಳಿ ಹಾಕಿಸಿಕೊಂಡ. ಹುಟ್ಟಿದಾಗಿನಿಂದ ಅವನು ಅಷ್ಟು ಊಟ ಮಾಡಿರಲಿಲ್ಲ, ಅಷ್ಟು ನಿಧಾನವಾಗಿಯೂ ಮಾಡಿರಲಿಲ್ಲ. ಕಡೆಗೆ ತಟ್ಟೆ ಮುಂದೆ ಚಾಚಿದಾಗ ಹೆಂಡತಿ ಡಬ್ಬಿಯನ್ನು ಬೋರಲು ಮಾಡಿ ತೋರಿಸಿದಳು.

"ಆಯ್ತಾಪ್ಪಾ ಊಟ?" ಎಂದು ಗೋಡೆ ಕೇಳಿತು.

"ಆಯ್ತು ದೊಡ್ಡಮ್ಮಾ," ಎಂದಳು ಹೆಂಡತಿ, ಗಂಡನ ಮುಂದಿನ ತಟ್ಟೆ ಎತ್ತಿಕೊಳ್ಳುತ್ತಾ. "ಕೈ ತೊಳ್ಕೋತಿದಾರೆ. ಕಳಿಸ್ದೆ."