ಆ ಯೂನಿವರ್ಸಿಟಿಯಲ್ಲಿ ನಮ್ಮವರು ಯಾರಿದ್ದಾರೆ?

ನನಗೊಂದು ದುರಭ್ಯಾಸ ಇದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೀಡಿ ಸಿಗರೇಟಿನದ್ದಲ್ಲ. ಯಾವ ಕಚೇರಿಯ ಮೆಟ್ಟಿಲು ಹತ್ತುವುದಿದ್ದರೂ ‘ಅಲ್ಲಿ ನಮ್ಮವರು ಯಾರಿದ್ದಾರೆ?’ ಎಂದು ವಿಚಾರಿಸದೆ ನನ್ನ ಕಾಲು ಮೇಲೇಳುವುದಿಲ್ಲ. ಹೆಂಡತಿ ಸುಮತಿಯನ್ನು ಹೆರಿಗೆಗೆ ಸೇರಿಸಿದ ದಿನ ಆಸ್ಪತ್ರೆಯ ಗೇಟಿನಲ್ಲೂ ಇದನ್ನೇ ಕೇಳಿದ್ದೆ. ವಾರ್ಡಿನಲ್ಲಿ ಕಾಪು ಕಡೆಯ ನರ್ಸ್ ಒಬ್ಬರಿದ್ದಾರೆಂದು ಗೊತ್ತಾದ ಮೇಲೆಯೇ ನನಗೆ ಉಸಿರು ಬಂದದ್ದು. ಅಷ್ಟರಲ್ಲಿ ಮಗಳು ಹುಟ್ಟಿಯಾಗಿತ್ತು. ಇದರಲ್ಲಿ ಲಂಚ ಗಿಂಚದ ಮಾತಿಲ್ಲ. ಒಳಗೆ ಕೂತವರಲ್ಲಿ ಒಬ್ಬರಿಗಾದರೂ ನಾನೊಬ್ಬ ಹೊರಗೆ ನಿಂತಿದ್ದೇನೆಂದು ಗೊತ್ತಿದ್ದರೆ ಸಾಕು, ಅಷ್ಟೇ. ನಾನು ಮುಂಬಯಿಗೆ ಬಂದು ಸಾಂತಾಕ್ರೂಜ್‌ನ ಹೋಟೆಲಿನಲ್ಲಿ ತಟ್ಟೆ ಎತ್ತಲು ಸೇರಿದ್ದೂ ಸೋದರಮಾವನ ಗೆಳೆಯನ ಭಾವನ ಹೆಸರು ಹೇಳಿಕೊಂಡೇ. ಈಗ ಅಂಧೇರಿಯ ಒಂದು ಹೋಟೆಲಿನ ಮ್ಯಾನೇಜರ್ ಆಗಿದ್ದೇನೆ. ಊರಿನಿಂದ ಬರುವವರು ನನ್ನ ಹೆಸರು ಹೇಳಿಕೊಂಡು ಬರುತ್ತಾರೆ. ಪದ್ಧತಿ ಚೆನ್ನಾಗಿಯೇ ನಡೆದಿತ್ತು, ನನ್ನ ಮಗಳು ಶ್ರಾವ್ಯಾ ಹನ್ನೆರಡನೇ ತರಗತಿ ಮುಗಿಸುವ ತನಕ.

ಒಂದು ಮಧ್ಯಾಹ್ನ, ಊಟದ ಗಿರಾಕಿಗಳು ಹೋಗಿ ಕಾಫಿಯ ಗಿರಾಕಿಗಳು ಇನ್ನೂ ಬರದ ಹೊತ್ತಿನಲ್ಲಿ, ಅವಳು ಗಲ್ಲಾದ ಪಕ್ಕ ಸ್ಟೂಲೆಳೆದುಕೊಂಡು ಕೂತು, “ಪಪ್ಪಾ, ನನಗೆ ನೀರಿನ ಇಂಜಿನಿಯರಿಂಗ್ ಓದ್ಬೇಕು. ಬಾಹರ್ ಜಾಕೆ, ಫಾರಿನ್‌ನಲ್ಲಿ” ಎಂದಳು. ನೀರು ನೋಡಲು ಅಷ್ಟು ದೂರ ಯಾಕೆ, ಮಳೆಗಾಲದಲ್ಲಿ ನಮ್ಮ ಕಾಂದಿವಲಿಯ ಬಿಲ್ಡಿಂಗಿನ ಕೆಳಗೇ ಸೊಂಟದ ತನಕ ಬರುತ್ತದಲ್ಲ ಎಂದು ನಾನು ನಕ್ಕೆ. ಅವಳು ನಗಲಿಲ್ಲ. “ಅದಕ್ಕೇ” ಎಂದಳು. ಒಂದು ಮಳೆಗಾಲದಲ್ಲಿ ಮೊಣಗಂಟು ಮುಳುಗುವ ಆ ನೀರಿನಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಟೇಷನ್ನಿನಿಂದ ಮನೆ ಸೇರಿದ್ದೆ. ಅವಳು ಮೇಲೆ ಕೂತು ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಲೇ ಇದ್ದಳು, ನನಗೆ ಉತ್ತರ ಗೊತ್ತಿರಲಿಲ್ಲ. ಅದೆಲ್ಲ ನೆನಪಾಗಿ ನನಗೆ ಒಮ್ಮೆಲೇ ಎಂಥ ಹುಮ್ಮಸ್ಸು ಬಂತೆಂದರೆ, ಎದುರಿಗಿದ್ದ ಗಿರಾಕಿಗೆ ಚಿಲ್ಲರೆಯ ಜೊತೆ ಅವನು ಕೊಟ್ಟ ನೋಟನ್ನೂ ವಾಪಸು ಕೊಟ್ಟುಬಿಟ್ಟೆ.

ಅಲ್ಲಿಂದ ಮುಂದೆ ನಾನೇ ವಿದ್ಯಾರ್ಥಿಯಾದೆ. ಅಂಧೇರಿಯಿಂದ ಕಾಂದಿವಲಿಯ ತನಕ ಲೋಕಲ್‌ನಲ್ಲಿ ನೇತಾಡಿಕೊಂಡೇ ದೇಶ ದೇಶಗಳ ಪದ್ಧತಿ ಕಲಿತೆ. ಇಂಗ್ಲೆಂಡಿನಲ್ಲಿ ಮೂರು ವರ್ಷ, ಮೊದಲ ದಿನದಿಂದಲೂ ಒಂದೇ ವಿಷಯ. ನಮ್ಮ ರೈಸ್ ಪ್ಲೇಟ್ ಇದ್ದ ಹಾಗೆ, ಇದು ಬೇಡ ಅದು ಕೊಡಿ ಎನ್ನುವಂತಿಲ್ಲ. ಅಮೆರಿಕದಲ್ಲಿ ನಾಲ್ಕು ವರ್ಷ, ಏನು ಓದುತ್ತೇನೆಂದು ಎರಡು ವರ್ಷ ಕಳೆದ ಮೇಲೆ ಹೇಳಿದರೂ ನಡೆಯುತ್ತದಂತೆ. ಇದನ್ನು ಕೇಳಿ ಸುಮತಿ, “ಎರಡು ವರ್ಷ ಮೆನು ಕಾರ್ಡ್ ನೋಡ್ತಾ ಕೂತವನಿಗೂ ಬಿಲ್ ಉಂಟಾ?” ಎಂದಳು. ಉಂಟು, ಅದೂ ಎಂಥ ಬಿಲ್ಲು! ಜರ್ಮನಿಯ ಸರ್ಕಾರಿ ಕಾಲೇಜುಗಳಲ್ಲಿ ಹೆಚ್ಚಿನ ಕಡೆ ಫೀಸೇ ಇಲ್ಲವೆಂದು ಓದಿ ನಾನು ಬೋರಿವಲಿಯ ತನಕ ಹೋಗಿಬಿಟ್ಟೆ, ಕಾಂದಿವಲಿ ದಾಟಿದ್ದೇ ಗೊತ್ತಾಗಲಿಲ್ಲ. ಆಮೇಲೆ ನೋಡಿದರೆ, ವರ್ಷದ ಊಟ ವಸತಿಯ ಹಣವನ್ನು ಮೊದಲೇ ಅಲ್ಲಿನ ಖಾತೆಯಲ್ಲಿಡಬೇಕು, ತಿಂಗಳಿಗಿಷ್ಟು ಎಂದು ಅವರು ನಮ್ಮದನ್ನೇ ನಮಗೆ ಕೊಡುತ್ತಾರೆ. ಮೇಲಾಗಿ ನಮ್ಮ ಹನ್ನೆರಡನೆಯದು ಸಾಲದು, ಇನ್ನೊಂದು ವರ್ಷ ಎಲ್ಲಿಯಾದರೂ ಓದಿ ಬನ್ನಿ ಎನ್ನುತ್ತಾರೆ. ಎಲ್ಲಕ್ಕಿಂತ ವಿಚಿತ್ರ ಹಾಲೆಂಡು. ಒಳಗೆ ಬರಲು ಅಷ್ಟೇನೂ ಕಷ್ಟವಿಲ್ಲ, ಆದರೆ ಮೊದಲ ವರ್ಷ ಸರಿಯಾಗಿ ಓದದಿದ್ದರೆ ಕೈ ಹಿಡಿದು ಹೊರಗೆ ಬಿಡುತ್ತಾರೆ. ನಮ್ಮಲ್ಲಿ ಒಳಗೆ ಹೋಗುವುದಕ್ಕೇ ಪ್ರಾಣ ಹೋಗುತ್ತದೆ, ಒಮ್ಮೆ ಹೋದವನನ್ನು ಯಾರಪ್ಪನೂ ಹೊರಗೆ ಹಾಕಲಾರ.

ಶ್ರಾವ್ಯಾ ಇಂಗ್ಲೆಂಡಿನ ಒಂದು, ಹಾಲೆಂಡಿನ ಒಂದು ಯೂನಿವರ್ಸಿಟಿಗೆ ಅರ್ಜಿ ಹಾಕಿದಳು. ಅವಳ ಮನಸ್ಸು ಮಾತ್ರ ಇಂಗ್ಲೆಂಡಿನ ಮೇಲೆ. ಅರ್ಜಿ ಹೋಯಿತು, ಇನ್ನು ಕಾಯುವುದಷ್ಟೇ ಎಂದಳು. ಕಾಯುವುದೆಂದರೇನು? ಎಲ್ಲೋ ಕಡಲಾಚೆ ಒಂದು ಟೇಬಲ್ಲಿನ ಮೇಲೆ ಗೊತ್ತು ಗುರಿ ಇಲ್ಲದವರ ಎದುರು ನನ್ನ ಮಗಳ ಹೆಸರು ಒಂಟಿಯಾಗಿ ಬಿದ್ದಿದೆ! ನನ್ನ ಕೈ ಸುಮ್ಮನಿರಲಿಲ್ಲ. ಆ ಇಂಗ್ಲೆಂಡಿನ ಯೂನಿವರ್ಸಿಟಿಯ ವೆಬ್‌ಸೈಟ್ ತೆರೆದು ಸಿಬ್ಬಂದಿಯ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಹೋದೆ. ನೂರಾರು ಇಂಗ್ಲಿಷ್ ಹೆಸರುಗಳ ನಡುವೆ, ಅದೂ ನೀರಿನ ವಿಭಾಗದಲ್ಲೇ, ಒಬ್ಬರು ಡಾಕ್ಟರ್ ಬಂಗೇರ! ಮೈಯೆಲ್ಲ ರೋಮಾಂಚನವಾಯಿತು. ಬಂಗೇರ ಎಂದ ಮೇಲೆ ಕೇಳುವುದೇನಿದೆ, ನಮ್ಮ ತುಳುನಾಡಿನವರೇ.

ಮಗಳಿಗೆ ಹೇಳಿದರೆ ಬೇಡವೆನ್ನುತ್ತಾಳೆಂದು ಹೇಳಲಿಲ್ಲ. ಅಚ್ಚ ಕನ್ನಡದಲ್ಲಿ ಒಂದು ಮೇಲ್ ಬರೆದೆ. ತಾವು ಯಾವ ಬಂಗೇರರು, ಮೂಲ್ಕಿಯವರೋ ಪಡುಬಿದ್ರಿಯವರೋ ಎಂದು ಕೇಳಿದೆ. ನನ್ನ ಊರು, ಮಾವನ ಊರು, ಸುಮತಿಯ ತವರು ಎಲ್ಲ ವಿವರಿಸಿದೆ. ನಮ್ಮ ಹುಡುಗಿಯ ಅರ್ಜಿ ಬಂದಿದೆ, ಒಂದು ದೃಷ್ಟಿ ಇಟ್ಟಿರಬೇಕು ಎಂದೆ. ಕೊನೆಗೆ ಮರ್ಯಾದೆಗೆ ಒಂದು ಸಾಲು ಸೇರಿಸಿದೆ: ಮುಂಬಯಿಗೆ ಬಂದರೆ ಸಂಸಾರ ಸಮೇತ ನಮ್ಮ ಹೋಟೆಲಿಗೇ ಬರಬೇಕು, ಎಷ್ಟು ದಿನವಿದ್ದರೂ ನೀರುದೋಸೆ, ಕಾಫಿ ಎಲ್ಲ ನನ್ನ ಕಡೆಯಿಂದ.

ಐದನೆಯ ದಿನ ಶ್ರಾವ್ಯಾಗೆ ಯೂನಿವರ್ಸಿಟಿಯಿಂದ ಪತ್ರ ಬಂತು. ಡಾಕ್ಟರ್ ಬಂಗೇರರ ಅಜ್ಜನ ಕಾಲದಲ್ಲೇ ಕುಟುಂಬ ಊರು ಬಿಟ್ಟಿತ್ತಂತೆ, ಅವರಿಗೆ ಕನ್ನಡ ಓದಲು ಬರುವುದಿಲ್ಲ. ಅವರು ನನ್ನ ಮೇಲನ್ನು ನಿಯಮದ ಪ್ರಕಾರ ಅಡ್ಮಿಷನ್ ಕಚೇರಿಗೆ ಕೊಟ್ಟಿದ್ದರು, ಕಚೇರಿಯವರು ಅನುವಾದ ಮಾಡಿಸಿದ್ದರು. ಅಭ್ಯರ್ಥಿಯ ಪರವಾಗಿ ಸಿಬ್ಬಂದಿಯೊಬ್ಬರಿಗೆ ಉಚಿತ ಆತಿಥ್ಯದ ಆಮಿಷ ಒಡ್ಡಲಾಗಿದೆ, ಒಂದು ವಾರದೊಳಗೆ ವಿವರಣೆ ಕೊಡಬೇಕು, ಇಲ್ಲದಿದ್ದರೆ ಅರ್ಜಿ ರದ್ದು ಎಂದಿತ್ತು. ಮೂವತ್ತು ವರ್ಷ ಹೋಟೆಲಿನಲ್ಲಿದ್ದೇನೆ, ನೀರುದೋಸೆಯನ್ನು ಆಮಿಷವೆಂದು ಕರೆದದ್ದನ್ನು ಕೇಳಿದ್ದು ಅದೇ ಮೊದಲು.

“ಪಪ್ಪಾ, ಯೇ ಕ್ಯಾ ಕಿಯಾ! ನಾನು ಎರಡು ವರ್ಷ ಓದಿದ್ದು! ಅವರು ನನಗೆ ಚೀಟರ್ ಅಂತ ತಿಳಿಯುತ್ತಾರೆ!” ಎಂದು ಮಗಳು ಅತ್ತೇಬಿಟ್ಟಳು. ಸುಮತಿ ನನ್ನನ್ನು ನೋಡಿ, “ನಿಮಗೆ ಬೇರೆ ಎಂತ ಕೆಲಸ ಇರಲಿಲ್ಲವಾ ಮಾರಾಯ್ರೆ?” ಎಂದಳು. ನನಗೆ ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುವ ಅನ್ನಿಸಿತು. ನಾನೇ ಒಂದು ಕ್ಷಮಾಪಣೆ ಬರೆಯುತ್ತೇನೆ ಎಂದೆ. ತಾಯಿ ಮಗಳು ಇಬ್ಬರೂ ಒಟ್ಟಿಗೆ “ಬೇಡ!” ಎಂದು ಕಿರುಚಿ ಫೋನ್ ಕಸಿದುಕೊಂಡರು.

ವಿವರಣೆಯನ್ನು ಶ್ರಾವ್ಯಾಳೇ ಬರೆದಳು. ಕಳಿಸುವ ಮೊದಲು ನನಗೆ ಇಂಗ್ಲಿಷಿನಲ್ಲಿ ಓದಿ, ತನ್ನ ಹರುಕು ಮುರುಕು ಕನ್ನಡದಲ್ಲಿ ಅರ್ಥವನ್ನೂ ಹೇಳಿದಳು: ನಮ್ಮ ಊರಿನವರು ಈ ಶಹರಕ್ಕೆ ಬರುವಾಗ ಒಬ್ಬರ ಹೆಸರು ಹಿಡಿದುಕೊಂಡು ಬರುತ್ತಾರೆ. ನನ್ನ ತಂದೆಯ ಹೆಸರು ಹಿಡಿದು ಎಷ್ಟೋ ಜನ ಬಂದಿದ್ದಾರೆ, ಅವರು ಯಾರಿಗೂ ಇಲ್ಲ ಅಂದಿಲ್ಲ. ಅವರು ನನಗೆ ಸೀಟು ಕೇಳಿದ್ದಲ್ಲ. ಅಲ್ಲಿ ನಾನು ಒಬ್ಬಳೇ ಇರುತ್ತೇನಲ್ಲ ಎಂದು ಹೆದರಿದ್ದಾರೆ. ನನ್ನನ್ನು ನನ್ನ ಅಂಕಗಳಿಂದ ಮಾತ್ರ ನೋಡಿ. ಇಷ್ಟೇ ಇತ್ತು. ಆ ಮೇಲ್ ಬರೆಯುವಾಗ ನನಗೇ ಗೊತ್ತಿರದ ಸಂಗತಿ ಇದು, ಅವಳಿಗೆ ಹೇಗೆ ಗೊತ್ತಾಯಿತೋ. ನನ್ನ ಕಣ್ಣು ತುಂಬಿತು, ಯಾರಿಗೂ ಕಾಣಬಾರದೆಂದು ಬಾಲ್ಕನಿಗೆ ಹೋಗಿ ಒಣಗದ ಬಟ್ಟೆಗಳನ್ನೇ ತೆಗೆದು ಮಡಚಿದೆ.

ಹತ್ತು ದಿನ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಆಮೇಲೆ ಇಂಗ್ಲೆಂಡಿನಿಂದ ವಿವರಣೆ ಒಪ್ಪಿಗೆಯಾಗಿದೆ, ಸೀಟೂ ಇದೆ ಎಂದು ಬಂತು. ಅದೇ ವಾರ ಹಾಲೆಂಡಿನದ್ದೂ ಬಂತು. ಹೋಟೆಲಿನಲ್ಲಿ ಅಂದು ಬಂದವರಿಗೆಲ್ಲ ಶೀರಾ ಹಂಚಿದೆ. ಇನ್ನು ಇಂಗ್ಲೆಂಡೇ ಸರಿ ಎಂದು ನಾನು ಸ್ವೆಟರಿನ ವಿಚಾರಣೆಗೆ ಹೊರಟರೆ, ಶ್ರಾವ್ಯಾ ಹಾಲೆಂಡಿಗೇ ಹೋಗುತ್ತೇನೆಂದಳು. ನನಗೆ ಆಶ್ಚರ್ಯ. ಫೀಸು ಕಡಿಮೆ ಎಂದಳು. ನೀರನ್ನು ಹೊರಗೆ ಹಾಕುವುದರಲ್ಲಿ ಆ ದೇಶದವರನ್ನು ಬಿಟ್ಟರಿಲ್ಲ ಎಂದಳು. ಮೊದಲ ವರ್ಷವೇ ಹೊರಗೆ ಹಾಕುತ್ತಾರಲ್ಲ ಮಗಾ ಎಂದೆ. “ಹಾಕಲಿ, ನಾನು ಓದ್ತೇನೆ” ಎಂದು ಮೆಲ್ಲನೆ ಬಂದು ನನ್ನ ಹೆಗಲಿಗೆ ಗಲ್ಲವಿಟ್ಟು, “ಔರ್ ಏಕ್ ಬಾತ್, ಪಪ್ಪಾ. ಅಲ್ಲಿನ ಸ್ಟಾಫ್ ಲಿಸ್ಟ್ ಪೂರಾ ನೋಡಿದೆ, ಎ ಟು ಝಡ್. ಒಬ್ಬರೂ ನಮ್ಮವರಿಲ್ಲ” ಎಂದಳು.

ಆ ರಾಶಿ ಖುಷಿಯಲ್ಲೂ ನನಗೆ ಒಂದು ಕ್ಷಣ ಕಸಿವಿಸಿಯಾಯಿತು. ಮರುದಿನ ಲೋಕಲ್‌ನಲ್ಲಿ ನಾನೇ ಆ ಪಟ್ಟಿಯನ್ನು ಎರಡು ಸಲ ನೋಡಿದೆ. ನಿಜ, ಒಬ್ಬರೂ ಇಲ್ಲ. ಆದರೆ ಆ ಊರಿನಲ್ಲಿ ಇಂಡಿಯದ ಊಟದ ಒಂದು ಹೋಟೆಲ್ ಇದೆ, ಅಲ್ಲಿನ ಅಡುಗೆಯವರ ಹೆಸರು ನೋಡಿದರೆ ಕುಂದಾಪುರದ ಕಡೆಯವರ ಹಾಗೆ ಕಾಣುತ್ತದೆ. ಫೋನ್ ಮಾಡಿಲ್ಲ. ನಂಬರ್ ಮಾತ್ರ ಬರೆದಿಟ್ಟುಕೊಂಡಿದ್ದೇನೆ.